ಭಾವನ ಹೆಸರಿನಲ್ಲಿದ್ದ ನನ್ನ ನಂಬರು

ಪ್ರೀಪೇಡೇ ಸಾಕು ಅಂತ ನಾನು ಬಡಕೊಂಡಿದ್ದೆ. ಯಾರು ಕೇಳಬೇಕು?

ಬೆಟಗೇರಿಯ ನಮ್ಮ ಮನೆಯ ಮಗ್ಗದ ಸೀರೆಗಳನ್ನು ಫೋನಿನಲ್ಲೇ ಮಾರುತ್ತಿದ್ದವಳು ನಾನು. ಕಳಿಸುವ ಪ್ರತಿ ಸೀರೆಯ ಮಡಿಕೆಯಲ್ಲೂ ನನ್ನ ನಂಬರು ಬರೆದ ಚೀಟಿ ಇಡುತ್ತಿದ್ದೆ. ಹಾಗಾಗಿ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಎಷ್ಟೋ ಹೆಂಗಸರಿಗೆ ಅದು ಬಾಯಿಪಾಠವಾಗಿತ್ತು. ಒಂದೇ ತಾಪತ್ರಯ, ಸೆರಗಿನ ಬಣ್ಣ ಹೇಳಿ ಮುಗಿಸುವಷ್ಟರಲ್ಲಿ ಕರೆನ್ಸಿ ಖಾಲಿಯಾಗಿ ಮಾತು ಕಟ್ಟಾಗುತ್ತಿತ್ತು.

ಗಂಡನ ಅಣ್ಣ, ಅಂದರೆ ನನ್ನ ಭಾವ, ಅದನ್ನು ಪೋಸ್ಟ್‌ಪೇಡ್ ಮಾಡಿಸೋಣ ಅಂದ. ಬಿಲ್ಲು ಮನೆಯ ಹಿರಿಯನ ಹೆಸರಿಗೆ ಬರಬೇಕಂತೆ, ಹೆಣ್ಣುಮಕ್ಕಳ ಹೆಸರು ಯಾಕಂತೆ. ನಮ್ಮ ಮನೆಯಲ್ಲಿ ಸೊಸೆ ಭಾವನೆದುರು ನಿಂತು ಮಾತಾಡುವುದಿಲ್ಲ, ಅವನೂ ಅವಳೊಡನೆ ನೇರ ಮಾತಾಡುವುದಿಲ್ಲ. ಅಡುಗೆಮನೆ ಬಾಗಿಲ ಹಿಂದಿನಿಂದ ಬೇಡ ಬೇಡ ಅಂತ ಗಂಡನಿಗೆ ಕೈಸನ್ನೆ ಮಾಡಿದೆ. ಆ ಪುಣ್ಯಾತ್ಮ ಜಂತಿ ಎಣಿಸುತ್ತ ಕೂತಿದ್ದ. ನಂಬರು ಭಾವನ ಹೆಸರಿಗೆ ಹೋಯಿತು.

ಮುಂದೆ ಅಣ್ಣತಮ್ಮಂದಿರು ಬೇರೆಯಾದರು. ಹಿರಿಯರು ಕೂತು ಮಗ್ಗ, ಖೋಲಿ, ಹಂಡೆ ಎಲ್ಲ ಹಂಚಿದರು. ನಂಬರಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನ ಕೈಯಲ್ಲಿದ್ದದ್ದು ನನ್ನದೇ ಅಂದುಕೊಂಡಿದ್ದೆ, ಎಂಥ ದಡ್ಡಿ ನಾನು!

ಎಂಟು ದಿನಕ್ಕೆ ಫೋನು ಸತ್ತಿತು. ಅಂಗಡಿಗೆ ಓಡಿದರೆ, ಹೆಸರಿದ್ದವರೇ ಬಂದು ಅದೇ ನಂಬರಿಗೆ ಬೇರೆ ಸಿಮ್ ಮಾಡಿಸಿಕೊಂಡು ಹೋಗಿದ್ದಾರೆ ಅಂದರು. ಅಲ್ಲಿಂದ ನೆಟ್ಟಗೆ ಭಾವನ ಹೊಸ್ತಿಲಿಗೆ ಹೋದೆ. ತಲೆಯ ಮೇಲೆ ಸೆರಗಿತ್ತೋ ಇಲ್ಲವೋ, ಖಬರಿರಲಿಲ್ಲ.

"ನನ್ನ ನಂಬರ್ ನನಗ ಕೊಡ್ರಿ," ಅಂದೆ.

ಅವನು ನನ್ನ ಕಡೆ ನೋಡಲಿಲ್ಲ. ಒಳಗಿದ್ದ ಹೆಂಡತಿಗೆ ಹೇಳಿದ, "ಆಕಿಗೆ ಹೇಳು, ಅದು ಮನಿ ನಂಬರ್ ಐತಿ ಅಂತ."

ನೆಗೆಣ್ಣಿ ಹೊರಗೆ ಬಂದು ಅದನ್ನೇ ಮತ್ತೊಮ್ಮೆ ಹೇಳಿದಳು, ನನಗೆ ಕಿವಿ ಇಲ್ಲವೇನೋ ಅನ್ನುವ ಹಾಗೆ. ಮೈ ಉರಿದುಹೋಯಿತು.

ನನ್ನ ಹೆಸರಿನಲ್ಲೇ ಹೊಸ ಪ್ರೀಪೇಡ್ ತಗೊಂಡೆ. ಅದಕ್ಕೆ ಫೋನು ಮಾಡುವವರೇ ಇಲ್ಲ. ನಾನು ನೇಯ್ದ ಸೀರೆಗಳು ಪೆಟ್ಟಿಗೆಯಲ್ಲೇ ಉಳಿದವು. ಒಂದು ಮಧ್ಯಾಹ್ನ ತಡೆಯಲಾರದೆ ಆ ಹಳೆಯ ನಂಬರಿಗೇ ಫೋನು ಹಚ್ಚಿದೆ. ಭಾವನೇ ಎತ್ತಿದ. ಯಾರೋ ಗಿರಾಕಿ ಅಂದುಕೊಂಡಿರಬೇಕು, ದನಿಯಲ್ಲಿ ಬೆಲ್ಲ ಸುರಿಯುತ್ತಿತ್ತು.

"ಹೇಳ್ರಿ ಅಕ್ಕಾರ, ಯಾವ ಬಣ್ಣದ ಸೀರಿ ಬೇಕಾಗಿತ್ರಿ?"

ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವನು ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತು ಅದು.