ನಾಯಿ ಪುಡೀಲಿ ಹೆಪ್ಪಾದ ಮೊಸರು

ನೀವು ಇದನ್ನ ನಂಬಲ್ಲ. ನಂಬ್ಲೇಬೇಕು ಅಂತ ನಾನೂ ಕೇಳಲ್ಲ. ತಾಕತ್ತಿದ್ರೆ ಕೊನೇ ತನಕ ಓದಿ, ಇದರಲ್ಲಿ ಯಾವುದು ಸುಳ್ಳು ಅಂತ ಹೇಳಿ ನೋಡೋಣ.

ಬಸವೇಶ್ವರನಗರದ ನಮ್ಮ ರಸ್ತೇಲಿ ನನ್ನ ಕೈಲಿ ಮಂಗ ಆಗದೇ ಇರೋರು ಯಾರೂ ಇಲ್ಲ. ಪಾರ್ಕಲ್ಲಿ ನಗೋ ಕ್ಲಬ್ಬಿನೋರಿಗೆ "ಇವತ್ತು ಟೀವಿಯೋರು ಬಂದು ವಿಡಿಯೋ ತೆಗೀತಾರಂತೆ" ಅಂದೆ. ಪಾಪ, ಬಿಸಿಲು ನೆತ್ತಿಗೆ ಬರೋ ತನಕ ನಗ್ತಾನೇ ಇದ್ರು. ಹೊಸ ಬಾಡಿಗೆಯೋರಿಗೆ ಮನೆ ಓನರ್ ಥರ ಫೋನ್ ಮಾಡಿ ತಾರಸಿ ಮೇಲೆ ಉಪ್ಪಿನಕಾಯಿ ಬಿಸಿಲಿಗಿಡ್ಬಾರ್ದು ಅಂತ ಗದರಿಸಿದೀನಿ. ಅವರ ಹತ್ರ ಉಪ್ಪಿನಕಾಯೀನೇ ಇರ್ಲಿಲ್ಲ. ಈ ವಯಸ್ಸಲ್ಲೂ ಇಂಥ ತಲೆ ಇನ್ಯಾರಿಗಿದೆ ಹೇಳಿ.

ಎದುರುಮನೆ ಮೇಷ್ಟ್ರು ಧಾರವಾಡದ ಕಡೆಯೋರು. ರಿಟೈರಾಗಿ ಗಂಡ ಹೆಂಡ್ತಿ ಇಲ್ಲೇ ಇದಾರೆ. ಅವರ ಹತ್ರ ಒಂದು ಮುದಿ ನಾಯಿ. ಬೀದಿಲಿ ಸಿಕ್ಕಿದ ಮರಿ, ಈಗ ಮೂತಿಯೆಲ್ಲ ನನ್ನ ಗಡ್ಡದ ಥರ ಬೆಳ್ಳಗಾಗಿದೆ. ಹೋದ ಬೇಸಿಗೇಲಿ ಅದರ ಕಾಲಿಗೆ ಗಾಯ ಆಗಿ ಕೀವು ಕಟ್ಟಿತ್ತು. ಆಂಟಿಬಯಾಟಿಕ್ ಕೊಟ್ರು, ಗಾಯ ವಾಸಿ ಆಯ್ತು, ಹೊಟ್ಟೆ ಕೆಡ್ತು. ಆ ಮಾತ್ರೆ ಕೆಟ್ಟ ಕ್ರಿಮಿ ಜೊತೆ ಹೊಟ್ಟೆಯೊಳಗಿನ ಒಳ್ಳೇದನ್ನೂ ಕೊಂದು ಹಾಕುತ್ತಂತೆ. ಅದಕ್ಕೆ ಡಾಕ್ಟ್ರು ಪ್ರೋಬಯಾಟಿಕ್ ಪುಡಿ ಬರ್ಕೊಟ್ರು. ಅಂದ್ರೆ ಒಳ್ಳೇ ಬ್ಯಾಕ್ಟೀರಿಯಾನ ಒಣಗಿಸಿ ಪ್ಯಾಕೆಟ್ ಮಾಡಿರೋದು.

ಅಷ್ಟರಲ್ಲಿ ಹುಬ್ಬಳ್ಳೀಲಿ ಮೊಮ್ಮಗಳ ನಾಮಕರಣ ಬಂತು. ಮೇಷ್ಟ್ರು ನಾಯೀನೂ ಪುಡೀನೂ ತಂದು ನಮ್ಮನೇಲಿ ಬಿಟ್ರು.

"ದಿನಾ ಒಂದು ಪ್ಯಾಕೆಟ್ ರೀ. ಅನ್ನ ಪೂರ್ತಿ ಆರಿದ ಮ್ಯಾಲೆ ಕಲಸಿ ಹಾಕ್ರಿ. ಹಾಲು ಮೊಸರು ಒಟ್ಟ ಕೊಡಬ್ಯಾಡ್ರಿ, ಇದರ ಹೊಟ್ಟಿಗೆ ಆಗಂಗಿಲ್ಲ."

"ಮೇಷ್ಟ್ರೇ, ಇದನ್ನ ನಿಮಗಿಂತ ಚೆನ್ನಾಗಿ ನೋಡ್ಕೋತೀನಿ. ವಾಪಸ್ ಬಂದಾಗ ಅದು ನಿಮ್ಮ ಗುರುತೇ ಹಿಡಿಯಲ್ಲ."

ಅವರು ನಕ್ಕು ಹೋದ್ರು.

ನಮ್ಮನೇಲಿ ರಾತ್ರಿ ಹಾಲಿಗೆ ಹೆಪ್ಪು ಹಾಕೋದು ನನ್ನ ಕೆಲಸ. ಮದ್ವೆ ಆದಾಗಿಂದ ಹೆಂಡ್ತಿ ಅದನ್ನ ನನಗೇ ಬಿಟ್ಟಿದಾಳೆ, ನನ್ನ ಕೈ ಮೊಸರು ಅಷ್ಟು ಗಟ್ಟಿ. ಪ್ಯಾಕೆಟ್ ಹರಿದು ಮೂಸಿ ನೋಡಿದೆ. ಹಾಲಿನ ಪುಡಿ ಥರ ವಾಸನೆ. ಅಲ್ಲೇ ನನ್ನ ತಲೆ ಓಡ್ತು. ಇದು ಹೆಪ್ಪೇ ತಾನೆ? ಒಂದು ಚಮಚ ಹೆಪ್ಪು ಒಂದು ಪಾತ್ರೆ ಮೊಸರಾಗುತ್ತೆ, ಇವತ್ತಿನ ಮೊಸರು ನಾಳೆಗೆ ಹೆಪ್ಪಾಗುತ್ತೆ. ಹಾಗಿದ್ಮೇಲೆ ಒಂದು ಪ್ಯಾಕೆಟ್ ಸಾಕಲ್ಲ, ಆ ನಾಯಿ ಬದುಕಿರೋ ತನಕ ನಡೆಯುತ್ತೆ. ಮಿಕ್ಕಿದ್ದನ್ನ ಮೇಷ್ಟ್ರಿಗೆ ಹಾಗೇ ವಾಪಸ್ ಕೊಟ್ಟು ಮೀಸೆ ತಿರುವಬಹುದು. ಇನ್ನೂ ಒಂದು ಹೊಳೀತು. ಅದೇ ಮೊಸರಲ್ಲಿ ಮೊಸರನ್ನ ಕಲಸಿ ಮೇಷ್ಟ್ರಿಗೆ ಬಡಿಸೋದು, ಅವರು ಬೆರಳು ನೆಕ್ಕೋ ಹೊತ್ತಿಗೆ "ಸಾರ್, ನೀವು ತಿಂದಿದ್ದು ನಿಮ್ಮ ನಾಯಿ ಔಷಧಿ" ಅನ್ನೋದು.

ಮೊದಲ ಸಲ ಲೊಳಲೊಳ ಆಯ್ತು. ಅದನ್ನೇ ಹೆಪ್ಪು ಮಾಡಿ ಮಾರನೇ ದಿನ ಹಾಕಿದೆ, ಪಾತ್ರೆ ಬಗ್ಗಿಸಿದ್ರೂ ಬೀಳದಷ್ಟು ಗಟ್ಟಿ. ನಾಯಿ ತಟ್ಟೆ ನೆಕ್ಕಿ ಫಳಫಳ ಮಾಡ್ತು.

ಹೆಂಡ್ತಿ ನೋಡಿದ್ಲು. "ರೀ, ಅದಕ್ಕೆ ಮೊಸರು ಬೇಡ ಅಂದಿದ್ರಲ್ಲ ಮೇಷ್ಟ್ರು?"

"ಇದು ಮೊಸರಲ್ಲ ಕಣೇ, ಔಷಧಿ."

"ನಿಮ್ಮ ತಲೆಗೆ ಹಾಕ್ಬೇಕು ಹೆಪ್ಪು."

ನಾನು ನಕ್ಕೆ. ನಾಯಿ ಮೊಸರನ್ನ ತಿಂತಿರೋ ಫೋಟೋ ಒಂದೆರಡು ತೆಗೆದು, ಒಂದನ್ನ ತಟ್ಟೆ ಕಾಣದ ಹಾಗೆ ಕತ್ತರಿಸಿ ಮೇಷ್ಟ್ರಿಗೆ ಕಳಿಸ್ದೆ. "ರಾಜನ ಥರ ಇದೆ."

ಆಮೇಲೆ ಶುರುವಾಯ್ತು ಭೇದಿ. ಮೊದಲು, ಹೊಸ ಜಾಗ, ಸರಿಹೋಗುತ್ತೆ ಅಂದ್ಕೊಂಡೆ. ಅಂಗಳ ತೊಳ್ದೆ, ಮತ್ತೆ ತೊಳ್ದೆ. ಆಮೇಲೆ ಅದರಲ್ಲಿ ರಕ್ತ ಕಾಣಿಸ್ತು. ನಾಯಿ ವಾಷಿಂಗ್ ಮಷಿನ್ ಹಿಂದೆ ಹೋಗಿ ಗೋಡೆಗೆ ಮುಖ ಮಾಡಿ ಮಲಗ್ತು. ಕರೆದ್ರೆ ಬಾಲದ ತುದಿ ಮಾತ್ರ ಒಂಚೂರು ಅಲ್ಲಾಡ್ತಿತ್ತು. ಮೊಸರು ನಿಲ್ಲಿಸಿದೆ. ಆದ್ರೆ ಮೇಷ್ಟ್ರಿಗೆ ಫೋನ್ ಮಾಡ್ಲಿಲ್ಲ, ಡಾಕ್ಟ್ರ ಹತ್ರಾನೂ ಒಯ್ಯಲಿಲ್ಲ. ಒಯ್ದಿದ್ರೆ ಏನು ತಿನ್ನಿಸಿದ್ರಿ ಅಂತ ಕೇಳ್ತಿದ್ರು. ಮೇಷ್ಟ್ರು "ಹ್ಯಾಂಗದ ರೀ?" ಅಂತ ಮೆಸೇಜ್ ಹಾಕಿದ್ರು. ಆವತ್ತು ತೆಗೆದಿದ್ದ ಇನ್ನೊಂದು ಫೋಟೋ ಹುಡುಕಿ ಕಳಿಸ್ದೆ.

ಮಾರನೇ ಬೆಳಿಗ್ಗೆ ಅವರು ಬ್ಯಾಗೂ ಇಳಿಸದೆ ಸೀದಾ ನಮ್ಮನೆಗೆ ಬಂದ್ರು. ನಾಯಿ ಏಳ್ಲಿಲ್ಲ. ಮೇಷ್ಟ್ರು ಅದನ್ನ ಟವಲಲ್ಲಿ ಸುತ್ತಿ ಎತ್ಕೊಂಡ್ರು. ನಾನು ಆಟೋ ಹಿಡಿದೆ. ರಾಜಾಜಿನಗರದ ಕ್ಲಿನಿಕ್ಕಲ್ಲಿ ಡಾಕ್ಟ್ರಮ್ಮ ಅದರ ಹೊಟ್ಟೆ ಒತ್ತಿ ನೋಡಿದ್ರು.

"ಹಾಲಿಂದು ಏನಾದ್ರೂ ಕೊಟ್ರಾ?"

ನಾನು ಬಾಯಿ ತೆಗೆಯೋಕೆ ಮುಂಚೆ ಮೇಷ್ಟ್ರು ಹೇಳಿದ್ರು. "ನಾನಽ ಕೊಟ್ಟೀನ್ರಿ ಮೇಡಂ. ಊರಿಗೆ ಹೊರಡೂ ಮುಂದ ಒಂದು ತುಣುಕು ಪೇಡೆ. ಆಸಿ ಪಟ್ಟು ನೋಡತಿತ್ತು."

"ಪುಡಿ ದಿನಾ ಕೊಟ್ಟಿದೀರಾ? ಸರಿಯಾಗಿ ಕೊಟ್ಟಿದ್ರೆ ಇಷ್ಟಾಗ್ತಿರ್ಲಿಲ್ಲ."

"ಕೊಟ್ಟಾರ್ರಿ. ಇವರ ಕೈಯಾಗ ಬಿಟ್ಟಿದ್ದೆ," ಅಂದು ಮೇಷ್ಟ್ರು ನನ್ನ ಭುಜದ ಮೇಲೆ ಕೈ ಇಟ್ರು.

ನಾನು ಗೋಡೆ ಮೇಲಿದ್ದ ಬೆಕ್ಕಿನ ಕ್ಯಾಲೆಂಡರ್ ನೋಡ್ತಾ ನಿಂತೆ.

ಡ್ರಿಪ್ ಹಾಕಿದ್ರು. ನಾಯಿ ಉಳೀತು, ಆದ್ರೆ ಇಳಿದು ಹೋಗಿತ್ತು, ಪಕ್ಕೆಲುಬು ಕಾಣೋ ಹಾಗೆ. ಅವತ್ತಿಂದ ದಿನಾ ಬೆಳಿಗ್ಗೆ ನಾನೇ ಹೋಗಿ, ಅನ್ನ ಆರಿದೆಯಾ ಅಂತ ಕೈಯಿಟ್ಟು ನೋಡಿ, ಪುಡಿ ಕಲಸಿ ಹಾಕ್ತೀನಿ. ಮೇಷ್ಟ್ರು ಅದನ್ನ ಪ್ರೀತಿ ಅಂದ್ಕೊಂಡಿದಾರೆ.

ನಾಯಿ ಎದ್ದು ಓಡಾಡೋ ಹಾಗಾದ್ಮೇಲೆ ಹೆಂಡ್ತಿ ಅವರಿಬ್ರನ್ನೂ ಊಟಕ್ಕೆ ಕರೆದ್ಲು. ನಮ್ಮನೆ ಮೊಸರು ಆಗ್ಲೂ ಅದೇ ಹೆಪ್ಪಿನ ಸಂತಾನ. ಮೇಷ್ಟ್ರು ಮೊಸರನ್ನ ಕಲಸಿ ಬಾಯಿಗಿಟ್ಟು, "ಮೊಸರು ಭಾಳ ಚಲೋ ಆಗೇದ್ರಿ," ಅಂದ್ರು. ನಾನು ಅಷ್ಟು ದಿನದಿಂದ ತಿದ್ದಿ ತೀಡಿ ಇಟ್ಕೊಂಡಿದ್ದ ಡೈಲಾಗಿಗೆ ಇದೇ ಜಾಗ. ಹೆಂಡ್ತಿ ಸೌಟು ಹಿಡ್ಕೊಂಡು ನನ್ನನ್ನೇ ನೋಡ್ತಿದ್ಲು. ನಾನು ಡೈಲಾಗ್ ಬಿಟ್ಟು, ಪುಡಿ, ಹೆಪ್ಪು, ಫೋಟೋ, ಎಲ್ಲಾ ಹೇಳಿಬಿಟ್ಟೆ. ಮೇಷ್ಟ್ರು ತಟ್ಟೆ ನೋಡಿದ್ರು, ಆಮೇಲೆ ನನ್ನ ನೋಡಿದ್ರು. "ಹೋಗ್ಲಿ ಬಿಡ್ರಿ, ನಾಯಿ ಉಳೀತಲ್ಲ," ಅಂದ್ರು.

ಇದೇ ಸುಳ್ಳು. ನಾನು ಹೇಳ್ಲಿಲ್ಲ. "ಇನ್ನೊಂಚೂರು ಹಾಕಿಸ್ಕೊಳ್ಳಿ ಮೇಷ್ಟ್ರೇ," ಅಂದೆ ಅಷ್ಟೆ. ಅವರು ಹಾಕಿಸ್ಕೊಂಡ್ರು, ತಿಂತಾ ತಿಂತಾ ಆ ಪೇಡೆ ಕೊಟ್ಟಿದ್ದಕ್ಕೆ ಇನ್ನೊಂದು ಸಲ ತಮ್ಮನ್ನೇ ಬೈಕೊಂಡ್ರು. ಮಿಕ್ಕಿದ್ದೆಲ್ಲ ನಿಜ.