ದ್ಯಾಮಪ್ಪ ಮುಟ್ಟಿ ನೋಡಿದ ಆರ್ಡರ್

ದಾಂಡೇಲಿಯಲ್ಲಿ ಮೂವತ್ತೆರಡು ವರ್ಷ ಕಾಗದದ ಗಿರಣಿಯಲ್ಲಿ ದುಡಿದು ನಿವೃತ್ತನಾದ ದ್ಯಾಮಪ್ಪನಿಗೆ ಒಂದೇ ಒಂದು ಗರ್ವವಿತ್ತು. ಯಾವ ಹಾಳೆಯನ್ನಾದರೂ ಬೆರಳಲ್ಲಿ ಉಜ್ಜಿ, ಕಿವಿಯ ಹತ್ತಿರ ಗರಗರ ಅನ್ನಿಸಿ, ಬಿಸಿಲಿಗೆ ಹಿಡಿದು ಅದರ ಜಾತಕ ಹೇಳಿಬಿಡುತ್ತಿದ್ದ. ಅನುಮಾನದ ನೋಟಿದ್ದರೂ ಸರಿ, ಮಾರ್ಕ್ಸ್‌ಕಾರ್ಡಿದ್ದರೂ ಸರಿ, ಓಣಿಯವರು ಅವನ ಕಟ್ಟೆಗೇ ತರುತ್ತಿದ್ದರು. ಓದಬೇಕೆಂದರೆ ಕನ್ನಡಕ ಬೇಕು, ಅದು ಯಾವಾಗಲೂ ಎಲ್ಲೋ ಇರುತ್ತಿತ್ತು. ಓದುವ ಅಗತ್ಯವಾದರೂ ಅವನಿಗೆಲ್ಲಿ ಬೀಳಬೇಕು!

ಹೋದ ವರ್ಷ ಪಕ್ಕದ ಮನೆಯ ಮಾಲವ್ವ ಓಡಿಬಂದಳು. ಮಗಳು ಸಹನಾಳಿಗೆ ಅಂಚೆಯಲ್ಲಿ ನೌಕರಿಯ ಆರ್ಡರ್ ಬಂದಿತ್ತು. ದಪ್ಪ ಹಾಳೆ, ಬಂಗಾರ ಬಣ್ಣದ ಮುದ್ರೆ. ದ್ಯಾಮಪ್ಪ ಉಜ್ಜಿದ, ಬಿಸಿಲಿಗೆ ಹಿಡಿದ.

"ಏ, ಒಂದನೇ ನಂಬರ್ ಮಾಲು! ಖರೇನ ಐತಿ. ಪೇಢೆ ತರಸವ್ವಾ!"

ಪೇಢೆ ಬಂತು. ನಾಲ್ಕು ಅವನೇ ತಿಂದ.

ಸಂಜೆ ಸಹನಾ ಸಪ್ಪೆ ಮುಖ ಮಾಡಿಕೊಂಡು ಬಂದಳು. "ಕಾಕಾ, ಈ ಕಚೇರಿಗೆ ನಾ ಅರ್ಜಿನ ಹಾಕಿಲ್ಲ. ಕೆಳಗ ಕೋಡ್ ಐತಿ, ಸ್ಕ್ಯಾನ್ ಮಾಡಿ ಬ್ಯಾಂಕ್ ನಂಬರ್, ಓಟಿಪಿ ಎಲ್ಲಾ ತುಂಬಬೇಕಂತ. ಇದಕ್ಕ ಫಿಶಿಂಗ್ ಅಂತಾರ, ದೊಡ್ಡ ಹೆಸರು ತೋರಿಸಿ ಗಾಳ ಹಾಕೂದು. ಅವ್ವ ನನ್ನ ಮಾತು ಕೇಳವಲ್ಲಳು. 'ದ್ಯಾಮಣ್ಣ ಖರೆ ಅಂದಾನ' ಅಂತ ಫೋನ್ ಹಿಡಕೊಂಡು ಕುಂತಾಳ."

ದ್ಯಾಮಪ್ಪ ಕಟ್ಟೆಯಿಂದ ಎದ್ದು ನಿಂತ. ಅವನ ಒಂದು ಮಾತಿಗೆ ಮಾಲವ್ವ ಹೊಲಿಗೆ ಮಾಡಿ ಉಳಿಸಿದ್ದೆಲ್ಲ ಹೋಗುವುದರಲ್ಲಿತ್ತು. ಆ ಮಾತು ತಿರುಗಿಸಿದರೆ ಮೂವತ್ತೆರಡು ವರ್ಷದ ಹೆಸರು ಹೋಗುತ್ತಿತ್ತು. ನಾಚಿಕೆಯಾಯಿತು, ಬಹಳವೇ ಆಯಿತು. ಆದರೂ ಚಪ್ಪಲಿ ಮೆಟ್ಟದೆ ಓಡಿದ.

"ತಡಿ ಮಾಲವ್ವಾ, ಒತ್ತಬ್ಯಾಡ! ಕಾಗದ ಖರೆ, ಬರದದ್ದು ಸುಳ್ಳ. ನಾ ಬರೇ ಮುಟ್ಟಿ ನೋಡಿದ್ದೆ, ಓದಿರಲಿಲ್ಲ!"

ಇಡೀ ಓಣಿಗೆ ಕೇಳಿಸಿತು. ಮಾಲವ್ವ ಫೋನ್ ಕೆಳಗಿಟ್ಟು ಅವನನ್ನೇ ನೋಡಿದಳು. "ಮತ್ತ ಪೇಢೆ?" ಎಂದಳು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಊರಿಗೆಲ್ಲ ಹೇಳುತ್ತಿದ್ದವನು ದ್ಯಾಮಪ್ಪನೇ.

ಆಮೇಲೆ ಕಟ್ಟೆಯ ಮೇಲೆ ದ್ಯಾಮಪ್ಪ, ಸಹನಾ ಇಬ್ಬರೂ ಕೂರತೊಡಗಿದರು. ಬಂದವರ ಫೋನಿನಲ್ಲಿದ್ದ ಅನುಮಾನದ ಸಂದೇಶಗಳನ್ನು ಸಹನಾ ನೋಡುತ್ತಿದ್ದಳು, ಜೊತೆಗೆ ದ್ಯಾಮಪ್ಪನಿಗೆ ಹೊಸ ಶಬ್ದ ಕಲಿಸುತ್ತಿದ್ದಳು. ಒಬ್ಬರ ಮುಖ, ದನಿ ಕದ್ದು ಅವರು ಆಡದ ಮಾತನ್ನು ಆಡಿಸಿದರೆ ಡೀಪ್‌ಫೇಕ್. ಸುಳ್ಳೆಂದು ಗೊತ್ತಿದ್ದೂ ಹಬ್ಬಿಸಿದರೆ ಡಿಸ್‌ಇನ್ಫರ್ಮೇಶನ್, ಗೊತ್ತಿಲ್ಲದೆ ಹಬ್ಬಿಸಿದರೆ ಮಿಸ್‌ಇನ್ಫರ್ಮೇಶನ್.

"ಹಂಗಾರ ಅವತ್ತು ನಾ ಮಾಡಿದ್ದು ನೀ ಕಡೀಗೆ ಹೇಳಿದ್ದು," ಎಂದ ದ್ಯಾಮಪ್ಪ. ತನ್ನ ತಪ್ಪಿಗೂ ಇಷ್ಟುದ್ದದ ಹೆಸರಿದೆಯೆಂದು ಅವನಿಗೆ ಸ್ವಲ್ಪ ಸಮಾಧಾನವೇ ಆಯಿತು.

ಈ ಜೂನ್‌ನಲ್ಲಿ ಸಹನಾ ಇನ್ನೊಂದು ಆರ್ಡರ್ ತಂದಳು. ತೆಳ್ಳಗಿನ ಮಾಸಲು ಹಾಳೆ, ಹಿಂದಿನ ಅಕ್ಷರ ಮುಂದೆ ಕಾಣುತ್ತಿತ್ತು.

"ಥೂ, ಇಂಥಾ ಹಾಳಿ ನಾವು ಗಿರಣಿ ಹೊರಗ ಬಿಡ್ತಿರಲಿಲ್ಲ!"

"ಹಳಿಯಾಳದ ಕಚೇರಿಗೆ ನಾನ ಹೋಗಿ ಕೇಳಿಬಂದೇನಿ ಕಾಕಾ. ಖರೆ ಐತಿ."

ದ್ಯಾಮಪ್ಪ ಒಳಗೆ ಹೋಗಿ ಕನ್ನಡಕ ಹುಡುಕಿ ತಂದ. ಸಾಲಿನ ಕೆಳಗೆ ಬೆರಳಿಟ್ಟು ಮೊದಲಿನಿಂದ ಕೊನೆಯ ಸಹಿಯವರೆಗೆ ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡ.

"ಎಲ್ಲಿಗೆ ಕಾಕಾ?"

"ಅಂಗಡಿಗೆ. ಈ ಸಲ ಪೇಢೆ ನಂದು."