ಯಾರ ತೊಗರಿ, ಯಾರ ಬೇಳೆ

ನಮ್ಮ ಮಾವನವರ ಬೇಳೆ ಗಿರಣಿಯಲ್ಲಿ ಇದ್ದದ್ದು ಒಂದೇ ಕಾನೂನು. ಯಾರ ತೊಗರಿಯೋ ಅವರದೇ ಬೇಳೆ. ನೀವು ಎರಡು ಚೀಲ ತಂದರೆ ಆ ಎರಡು ಚೀಲದ ಬೇಳೆಯೇ ನಿಮಗೆ ವಾಪಸು, ಪಕ್ಕದವನ ಒಂದು ಕಾಳೂ ಅದರಲ್ಲಿ ಬೆರೆಯಕೂಡದು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಆಳಂದದಿಂದ ಜೇವರ್ಗಿಗೆ ಸೊಸೆಯಾಗಿ ಬಂದೆ. ಬಂದ ವರ್ಷವೇ ಈ ಕಾನೂನು ನೋಡಿ ನನ್ನ ತಲೆ ಕೆಟ್ಟುಹೋಯಿತು.

ಒಬ್ಬನ ತೊಗರಿ ಮುಗಿದ ಕೂಡಲೇ ಯಂತ್ರ ನಿಲ್ಲಿಸಬೇಕು, ಒಳಗೆ ಕೈ ಹಾಕಿ ಮೂಲೆಮೂಲೆ ಗುಡಿಸಬೇಕು. ತೊಗರಿಯ ಒಡೆಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, "ಅಲ್ಲೊಂದು ಹಿಡಿ ಉಳದದ ನೋಡ್ರಿ" ಎಂದು ಬೆರಳು ತೋರಿಸುತ್ತಿದ್ದ. ಸಿಪ್ಪೆ ಬಿಡಲೆಂದು ಎಣ್ಣೆ ಸವರಿದ ತೊಗರಿಯನ್ನು ಅಂಗಳದ ಬಿಸಿಲಿಗೆ ಹರಡಿದಾಗಲೂ ಅಷ್ಟೇ, ಒಬ್ಬೊಬ್ಬರ ರಾಶಿಯ ನಡುವೆ ಇಟ್ಟಿಗೆ ಸಾಲು. ಅರ್ಧ ಅಂಗಳ ಆ ಇಟ್ಟಿಗೆಗಳಿಗೇ ಹೋಗುತ್ತಿತ್ತು. ಕರೆಂಟು ಬರುತ್ತಿದ್ದದ್ದು ದಿನಕ್ಕೆ ನಾಲ್ಕು ತಾಸು. ಅದರಲ್ಲಿ ಎರಡು ತಾಸು ನಾವು ಕಸಬರಿಗೆ ಹಿಡಿದು ನಿಂತಿರುತ್ತಿದ್ದೆವು. ನನಗೋ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು.

"ಇದು ಗಿರಣಿನೋ, ಕಸಾ ಹೊಡಿಯೋ ಉದ್ಯೋಗನೋ?" ಎಂದು ಒಂದು ದಿನ ನಮ್ಮ ಮನೆಯವರನ್ನು ಕೇಳಿಯೇಬಿಟ್ಟೆ.

"ಅಪ್ಪಗ ಕೇಳು, ನನಗ್ಯಾಕ ಕೇಳ್ತಿ?" ಎಂದು ಅವರು ನಕ್ಕರು. ಆದರೆ ಅವರಿಗೂ ಒಳಗೊಳಗೆ ದಿಗಿಲಿತ್ತು. ಗುಲ್ಬರ್ಗಾದ ದೊಡ್ಡ ಗಿರಣಿಗಳು ರೈತರ ತೊಗರಿಯನ್ನು ತಾವೇ ಕೊಂಡು, ಒಡೆದು, ತಮ್ಮದೇ ಮಾಲೆಂದು ಮಾರುತ್ತಿದ್ದವು. ನಾವು ಕೂಲಿಗೆ ಒಡೆದುಕೊಡುವವರು. ವರ್ಷದಿಂದ ವರ್ಷಕ್ಕೆ ನಮ್ಮ ಅಂಗಳದಲ್ಲಿ ರಾಶಿ ಕಡಿಮೆಯಾಗುತ್ತಾ ಬಂತು. ಇದ್ದ ನಾಲ್ಕು ಆಳುಗಳಲ್ಲಿ ಇಬ್ಬರನ್ನು ಬಿಡಿಸಿದೆವು. ಇನ್ನೆರಡು ಹಂಗಾಮು ಹೀಗೇ ಹೋದರೆ ಗಿರಣಿಗೆ ಬೀಗ ಹಾಕುವುದೇ ಗತಿ ಎಂದು ಎಲ್ಲರಿಗೂ ಗೊತ್ತಿತ್ತು, ಬಾಯಿ ಬಿಟ್ಟು ಹೇಳುವವರು ಮಾತ್ರ ಯಾರೂ ಇರಲಿಲ್ಲ.

ಅಂಥ ಹೊತ್ತಿನಲ್ಲಿ ಸೋಲಾಪುರದ ವ್ಯಾಪಾರಿಯೊಬ್ಬ ಬಂದ. ಅವನಿಗೆ ಒಂದೇ ಗಾತ್ರದ, ಒಂದೇ ಬಣ್ಣದ ಬೇಳೆ ಬೇಕಿತ್ತು. ಅಮಾವಾಸ್ಯೆಯೊಳಗೆ ಒಂದು ಲಾರಿ ಮಾಲು ಕೊಟ್ಟರೆ ಹಂಗಾಮು ಪೂರ್ತಿ ನಮ್ಮಿಂದಲೇ ಕೊಳ್ಳುವುದಾಗಿ ಮಾತು ಕೊಟ್ಟ. ಒಂದು ಚೀಲ ಕಡಿಮೆಯಾದರೂ ಮಾತು ಮುರಿದಂತೆ ಎಂದೂ ಹೇಳಿಹೋದ. ಮಾವನವರು ಒಂದು ಷರತ್ತಿನ ಮೇಲೆ ಒಪ್ಪಿದರು.

"ಪ್ಯಾಟ್ಯಾಗ ತೊಗರಿ ಕೊಂಡು ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಭರೋಸಾ ಮ್ಯಾಲ ಇಟ್ಟು ಹೋದವರ ಚೀಲ ಮುಟ್ಟಬ್ಯಾಡ್ರಿ."

ಕೈಯಲ್ಲಿದ್ದದ್ದನ್ನೆಲ್ಲಾ ಸುರಿದು ತೊಗರಿ ಕೊಂಡೆವು. ಲಾರಿ ಬರಲು ನಾಲ್ಕು ದಿನ ಉಳಿದಿತ್ತು. ಬಿಸಿಲಿಗೆ ಹಾಕಿದ ತೊಗರಿಯನ್ನು ನೋಡಿದರೆ ಏಳು ಚೀಲದಷ್ಟು ಕಡಿಮೆ. ಪೇಟೆಯಲ್ಲಿ ಅಂದು ಒಂದು ಹಿಡಿಯೂ ಸಿಗಲಿಲ್ಲ, ಮರುದಿನ ಸಿಕ್ಕರೂ ಒಣಗಿಸಿ ಒಡೆಯಲು ಹೊತ್ತಿರಲಿಲ್ಲ. ಮಾವನವರು ನೆಂಟರ ಮನೆಗೆಂದು ಅಫಜಲಪುರಕ್ಕೆ ಹೋಗಿದ್ದರು. ಗೋಡೆಯ ಬದಿಗೆ, ಇಟ್ಟಿಗೆ ಸಾಲಿನಾಚೆ, ನಂಬಿ ಬಿಟ್ಟುಹೋದವರ ತೊಗರಿ ಒಣಗುತ್ತಿತ್ತು. ಅದರಲ್ಲಿ ಎರಡು ಚೀಲ ಅತನೂರಿನ ಒಬ್ಬ ಮುದುಕಿಯದು. ಮನೆಯವರು ತಲೆ ಕೆರೆದುಕೊಂಡು ನಿಂತರು. ನಾನು ನಿಲ್ಲಲಿಲ್ಲ. ಸೆರಗು ಸಿಕ್ಕಿಸಿಕೊಂಡು ಇಟ್ಟಿಗೆಗಳನ್ನು ಕಿತ್ತು ಬದಿಗೆಸೆದೆ, ಎಲ್ಲವನ್ನೂ ಎಳೆದು ಒಂದು ಮಾಡಿದೆ. ವಾರದೊಳಗೆ ಬೇರೆ ತೊಗರಿ ಕೊಂಡು ಒಡೆಸಿ, ತೂಕಕ್ಕೆ ತೂಕ, ಅವರದಕ್ಕಿಂತ ಚಂದದ ಬೇಳೆ ಕೊಟ್ಟರೆ ಯಾರಿಗೇನು ನಷ್ಟ? ಹಾಗಂದುಕೊಂಡೆ. ಈಗಲೂ ಆ ಲೆಕ್ಕದಲ್ಲಿ ತಪ್ಪು ಹುಡುಕಿದರೆ ಸಿಗುವುದಿಲ್ಲ.

ಲಾರಿ ಬಂತು. ಹಮಾಲರು ಚೀಲ ಏರಿಸುತ್ತಿದ್ದರು. ಊರಿಂದ ಮರಳಿದ್ದ ಮಾವನವರು ಬಾಗಿಲಲ್ಲಿ ಕೂತಿದ್ದರು. ಆಗಲೇ ಅತನೂರಿನ ಆಯಿ ಬಂಡಿಯಿಂದ ಇಳಿದಳು! ಅವಳು ಬರಬೇಕಿದ್ದದ್ದು ಇನ್ನೊಂದು ವಾರಕ್ಕೆ.

"ನನ್ನ ಬ್ಯಾಳಿ ಆಗ್ಯಾದೇನ ಯವ್ವಾ? ನಾಳಿ ಮಠದಾಗ ದಾಸೋಹ ಅದ. ಹೊಸಾ ತೊಗರಿದು ಮೊದಲ ಬ್ಯಾಳಿ ಅಲ್ಲಿಗಿ ಕೊಟ್ಟೇ ನಾವು ಉಣ್ಣಾದು. ನಮ್ಮ ಕಾಯಕದ್ದೇ ಆಗಬೇಕು ನೋಡು, ಮಂದಿದು ನಡಿಯಂಗಿಲ್ಲ."

 ಏನೂ ತೋರಿಸಿಕೊಳ್ಳದೆ, ಲಾರಿಯ ಲೆಕ್ಕ ಮುಗಿದು ಮಿಕ್ಕಿದ್ದರಲ್ಲಿ ಜರಡಿ ಹಿಡಿದು ದಪ್ಪ ಕಾಳು ಆರಿಸಿದ್ದ ಬೇಳೆಯನ್ನೇ ತೂಗಿ ಅವಳ ಮುಂದಿಟ್ಟೆ. ಅವಳ ಕಣ್ಣರಳಿತು. ಮಾವನವರು ಎದ್ದು ಬಂದು ಒಂದು ಹಿಡಿ ಎತ್ತಿಕೊಂಡರು.

"ಇದು ಯಕ್ಕಂದೇ ಹೌದೇನವ್ವಾ?"

ಲಾರಿಯವನು ಇಂಜಿನ್ ಚಾಲೂ ಮಾಡಿದ್ದ. ಏರಿಸಲು ಇನ್ನು ನಾಲ್ಕೇ ಚೀಲ. ಅಲ್ಲ ಎಂದರೆ ಮಾವನವರು ಲಾರಿಗೆ ಅಡ್ಡ ನಿಂತು ಎಲ್ಲಾ ಚೀಲ ಇಳಿಸಿಯೇ ತೀರುತ್ತಾರೆ, ಅವರ ಹಟ ನನಗೆ ಗೊತ್ತಿತ್ತು. ಮನೆಯವರು ನೆಲ ನೋಡುತ್ತಿದ್ದರು.

"ಹೌದ್ರಿ ಮಾವಾ, ಆಯಿದೇ ಅದ," ಎಂದೆ.

ಅವರು ಹಿಡಿಯನ್ನು ಮೆಲ್ಲಗೆ ಚೀಲಕ್ಕೆ ಸುರಿದರು. ಮನೆಮಂದಿಯ ಮಾತನ್ನು ಎರಡನೇ ಸಲ ಕೇಳಿ ಪರೀಕ್ಷಿಸುವ ಜಾಯಮಾನ ಅವರದಲ್ಲ. ಲಾರಿ ಹೋಯಿತು.

ಆ ವರ್ಷ ನಮ್ಮ ಗಿರಣಿ ಉಳಿಯಿತು. ಇಟ್ಟಿಗೆಗಳು ಹೋದವು, ಯಂತ್ರ ನಾಲ್ಕೂ ತಾಸು ಓಡಿತು, ವಾರದ ಕೆಲಸ ಮೂರು ದಿನಕ್ಕೆ ಮುಗಿಯತೊಡಗಿತು. ಬಿಡಿಸಿದ ಆಳುಗಳು ಮರಳಿ ಬಂದರು. ತೊಗರಿ ಕೊಟ್ಟು ನಿಂತ ಕಾಲಲ್ಲೇ ಬೇಳೆ ಒಯ್ಯಬಹುದು, ಆದರೆ ಅದು ಎಲ್ಲರ ತೊಗರಿ ಬೆರೆತ ಬೇಳೆ ಎಂದು ರೈತರಿಗೆ ಬಾಯಿಬಿಟ್ಟು ಹೇಳಿದೆವು. ಮುಚ್ಚುಮರೆ ಇಲ್ಲವಲ್ಲ ಎಂದು ಮಾವನವರೂ ಒಪ್ಪಿದರು. ನಾನು ಗೆದ್ದೆ ಅಂದುಕೊಂಡೆ, ಸುಳ್ಳೇಕೆ ಹೇಳಲಿ.

ಮುಂದಿನ ಹಂಗಾಮಿಗೆ ಆಯಿ ಮತ್ತೆ ಎರಡು ಚೀಲ ತಂದಳು. ಹೊಸ ಪದ್ಧತಿ ಹೇಳಿದೆ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ.

"ನಂದು ಬ್ಯಾರೇನೇ ಮಾಡಿಕೊಡು ಬೇ. ಹೋದ ವರ್ಷ ಕೊಟ್ಟಿದ್ದಿ ಅಲ್ಲಾ? ಮಠದಾಗ ಅಯ್ಯನವರೇ ಬ್ಯಾಳಿ ಹೊಗಳ್ಯಾರ."

 ಈ ಸಲವಾದರೂ ಅವಳದನ್ನು ಅವಳಿಗೇ ಕೊಡಬೇಕು ಎಂದು ಹಟ ಹಿಡಿದೆ. ಮತ್ತೆ ಇಟ್ಟಿಗೆ ಹೊಂದಿಸಿ ಬೇರೆಯಾಗಿ ಒಣಗಿಸಿದೆ. ಒಡೆಯುವ ದಿನ ಓಡುತ್ತಿದ್ದ ಯಂತ್ರ ನಿಲ್ಲಿಸಿದೆ. "ಕರೆಂಟು ಹೋಗ್ತದ, ತಲಿ ಕೆಟ್ಟದೇನ ನಿನಗ?" ಎಂದು ಮನೆಯವರು ಕೂಗಾಡಿದರು. ನಾನೇ ಒಳಗೆ ಕೈ ಹಾಕಿ ಗುಡಿಸಿ, ಅವಳ ಎರಡು ಚೀಲವನ್ನಷ್ಟೇ ಒಡೆಸಿದೆ. ಬೇಳೆ ಸಣ್ಣದಾಗಿತ್ತು, ಬಣ್ಣ ಮಂಕು, ಅಲ್ಲಲ್ಲಿ ನುಚ್ಚು. ಅವಳ ಹೊಲದ ತೊಗರಿಯೇ ಹಾಗೆ. ಆದರೂ ನನ್ನ ಮನಸ್ಸು ಹಗುರಾಗಿತ್ತು.

ಆಯಿ ಬಂದು ಚೀಲದ ಬಾಯಿ ಬಿಚ್ಚಿ ನೋಡಿದಳು. ಮುಖ ಕಪ್ಪಿಟ್ಟಿತು.

"ಇದು ನಂದಲ್ಲ."

"ನಿಂದೇ ಅದ ಆಯಿ. ಲಿಂಗದಾಣಿ, ನನ್ನ ಕೈಯಾರೆ ಮಾಡಿಸೇನಿ."

"ಆಣಿ ಇಡಬ್ಯಾಡ! ನನ್ನ ಬ್ಯಾಳಿ ನನಗ ಗೊತ್ತಿಲ್ಲೇನ? ಹೋದ ವರ್ಷ ಇದೇ ಕೈಲೇ ಒಯ್ದೇನಿ, ಎಷ್ಟು ದಪ್ಪ ಇತ್ತು! ಅದನ್ನ ಸೋಲಾಪುರಕ್ಕ ಕಳಿಸಿ ನನಗ ನುಚ್ಚು ಕೊಡಾಕತ್ತೀಯೇನ?"

ಅಂಗಳದಲ್ಲಿದ್ದ ಮಂದಿ ಸುತ್ತ ಕೂಡಿದರು. ಅವಳು ಬಾಗಿಲ ಕಡೆ ತಿರುಗಿ ಕೂಗಿದಳು. "ಯಣ್ಣಾ, ನಿನ್ನ ಮಾತಿನ ಮ್ಯಾಲ ಭರೋಸಾ ಇಟ್ಟು ಬರ್ತೇನಿ. ನಿನ್ನ ಸೊಸಿ ನನ್ನ ಮಾಲು ಬದಲಿ ಮಾಡ್ಯಾಳ ನೋಡು!"

ಮಾವನವರು ಬಂದರು. ಹೋದ ವರ್ಷದ ಹಾಗೇ ಒಂದು ಹಿಡಿ ಎತ್ತಿ, ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಏನೂ ಕೇಳಲಿಲ್ಲ. ಕೇಳಿದ್ದರೆ ಅಷ್ಟು ಮಂದಿಯ ಮುಂದೆ ಹೋದ ವರ್ಷದ್ದನ್ನು ಹೇಳಿಬಿಡುತ್ತಿದ್ದೆನೋ ಏನೋ. 

ಅವರು ಒಳಗೆ ಹೋಗಿ, ಲಾರಿಗೆಂದು ಇಟ್ಟಿದ್ದ ಮಾಲಿನಿಂದ ಅವಳ ಪಾಲಿನಷ್ಟು ಬೇಳೆ ತೂಗಿಸಿ ತಂದು ಅವಳ ಮುಂದಿಡಿಸಿದರು. ಆಯಿ ಒಂದು ಹಿಡಿ ಎತ್ತಿ ಕಣ್ಣಿಗೊತ್ತಿಕೊಂಡಳು.

"ಇದು ನೋಡು ನಂದು! ಹೆತ್ತ ಮಗನ ಗುರುತು ಸಿಗಂಗಿಲ್ಲೇನ?"

ಬಂಡಿ ಹೊರಟುಹೋಯಿತು. ಅವಳ ಹೊಲದ ಬೇಳೆ ನಮ್ಮ ಅಂಗಳದಲ್ಲೇ ಉಳಿಯಿತು.

"ಅದನ್ನ ದೊಡ್ಡ ರಾಶ್ಯಾಗ ಹಾಕಿಬಿಡವ್ವಾ," ಎಂದರು ಮಾವನವರು. ಹಾಕಿದೆ.

ಮರುದಿನದಿಂದ ಅವರು ಗಿರಣಿಗೆ ಬರುವುದನ್ನು ಬಿಟ್ಟರು. ಹಿರಿಯರು ಯಾಕೆ ಕಾಣುತ್ತಿಲ್ಲ ಎಂದು ಕೇಳಿದವರಿಗೆ, ಮೊಣಕಾಲು ನೋವು ಎಂದು ನಾನೇ ಹೇಳುತ್ತಿದ್ದೆ.